ಕ್ಷಣದಲ್ಲೇ ಗುರುತು ಹಿಡಿಯುವ ಚಿಪ್

2021ರ ಫೆಬ್ರುವರಿ 18ರಂದು ನಾಸಾದ ಪರ್ಸಿವಿಯರೆನ್ಸ್ ರೋವರ್ ಮಂಗಳ ಗ್ರಹದ ಜೆಝೆರೊ ಕುಳಿಯಲ್ಲಿ ಇಳಿಯಿತು. ವಾತಾವರಣ ಪ್ರವೇಶಿಸಿ ನೆಲ ಮುಟ್ಟಲು ಅದಕ್ಕೆ ಹಿಡಿದದ್ದು ಸುಮಾರು 7 ನಿಮಿಷ. ಅಲ್ಲಿನ ರೇಡಿಯೊ ಸಂಕೇತ ಭೂಮಿಯನ್ನು ತಲಪಲು ಅಂದು 11 ನಿಮಿಷಕ್ಕೂ ಹೆಚ್ಚು ಕಾಲ ಬೇಕಿತ್ತು. ಹೀಗಾಗಿ ಬಂಡೆ, ಕಡಿದಾದ ಇಳಿಜಾರುಗಳನ್ನು ತಪ್ಪಿಸುವ ಹೊಣೆ ನೌಕೆಯದೇ ಆಗಿತ್ತು. ಕ್ಯಾಮೆರಾ ಚಿತ್ರವನ್ನು ತನ್ನಲ್ಲಿದ್ದ ನಕ್ಷೆಯೊಡನೆ ಹೋಲಿಸಿ, ತನ್ನ ಸ್ಥಾನವನ್ನು 10 ಸೆಕೆಂಡುಗಳಲ್ಲಿ 40 ಮೀಟರ್ ನಿಖರತೆಯೊಳಗೆ ತಿಳಿಯುವುದು ವಿನ್ಯಾಸದ ಗುರಿ.

ಹೋಲಿಕೆಗೆ ಇಡೀ ಚಿತ್ರ ಬೇಕಿಲ್ಲ. ಎದ್ದುಕಾಣುವ ಭಾಗಗಳು ಸಾಕು. ಇವನ್ನು ಚಿತ್ರದ ‘ಲಕ್ಷಣ’ಗಳೆನ್ನುತ್ತೇವೆ. ಸಣ್ಣ ರಂಧ್ರವುಳ್ಳ ಕಾಗದವೊಂದನ್ನು ಕಟ್ಟಡದ ಛಾಯಾಚಿತ್ರದ ಮೇಲಿಟ್ಟು ಸರಿಸಿ ನೋಡಿ. ಬಾನಿನ ಭಾಗದಲ್ಲಿ ಯಾವ ದಿಕ್ಕಿಗೆ ಸರಿಸಿದರೂ ನೋಟ ಬದಲಾಗದು. ಗೋಡೆಯ ಅಂಚಿನ ಗುಂಟ ಸರಿಸಿದರೂ ಅಷ್ಟೆ. ಮೂಲೆಯಲ್ಲಾದರೋ ಯಾವ ದಿಕ್ಕಿಗೆ ಸರಿಸಿದರೂ ನೋಟ ಬದಲಾಗುತ್ತದೆ. ಆದ್ದರಿಂದ ಮೂಲೆಯೇ ನಂಬಲರ್ಹ ಗುರುತು.

ಮೂಲೆಗಳನ್ನು ಪತ್ತೆಹಚ್ಚುವ ಸರಳ ವಿಧಾನಗಳಲ್ಲಿ ‘ಫಾಸ್ಟ್’ ಒಂದು. ಇದು ಪ್ರತಿಯೊಂದು ಪಿಕ್ಸೆಲಿನ ಸುತ್ತ, 3 ಪಿಕ್ಸೆಲ್ ತ್ರಿಜ್ಯದ ವೃತ್ತದ ಮೇಲಿರುವ 16 ಪಿಕ್ಸೆಲುಗಳನ್ನು ಪರಿಶೀಲಿಸುತ್ತದೆ. ಅವುಗಳಲ್ಲಿ ಸಾಲಾಗಿ 9 ಪಿಕ್ಸೆಲುಗಳು ಕೇಂದ್ರಕ್ಕಿಂತ ನಿಗದಿತ ಪ್ರಮಾಣದಷ್ಟು ಪ್ರಕಾಶವಾಗಿದ್ದರೆ ಅಥವಾ ಮಂಕಾಗಿದ್ದರೆ ಅದು ಮೂಲೆ.

1024×1024 ಪಿಕ್ಸೆಲುಗಳ ಚಿತ್ರಕ್ಕೆ ಸುಮಾರು 1.68 ಕೋಟಿ ಹೋಲಿಕೆಗಳು ಬೇಕು! ಸಾಮಾನ್ಯ ಪ್ರೊಸೆಸರ್ ಇವನ್ನು ಬಹುಮಟ್ಟಿಗೆ ಒಂದಾದ ಮೇಲೊಂದರಂತೆ ಮಾಡುತ್ತದೆ. ಎಫ್‌ಪಿಜಿಎ ಎಂಬ ಚಿಪ್‌ನ ಕ್ರಮವೇ ಬೇರೆ. ಅದರ ತರ್ಕದ್ವಾರಗಳನ್ನು ನಮಗೆ ಬೇಕಾದಂತೆ ಜೋಡಿಸಬಹುದು. 16 ಹೋಲಿಕೆಗಳಿಗೂ ಪ್ರತ್ಯೇಕ ಮಂಡಲಗಳನ್ನು ರಚಿಸಿದರೆ ಅವೆಲ್ಲ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಇಡೀ ಚಿತ್ರವನ್ನು ಸಂಗ್ರಹಿಸಬೇಕಾಗಿಯೂ ಇಲ್ಲ. ವೃತ್ತವು 7×7 ಚೌಕದೊಳಗೆ ಅಡಗುವುದರಿಂದ ಇತ್ತೀಚಿನ 7 ಸಾಲುಗಳು ಸಾಕು. ಪಿಕ್ಸೆಲಿಗೆ 1 ಬೈಟ್‌ನಂತೆ ಕೇವಲ 7 ಕಿಲೋಬೈಟ್. ಪ್ರತಿ ಗಡಿಯಾರ ಸ್ಪಂದಕ್ಕೆ ಒಂದು ಪಿಕ್ಸೆಲ್ ಒಳಬರುತ್ತದೆ, ಒಂದರ ತೀರ್ಮಾನ ಹೊರಬರುತ್ತದೆ. ಸ್ಪಂದಗಳು ಸೆಕೆಂಡಿಗೆ 10 ಕೋಟಿಯಾದರೆ ಇಡೀ ಚಿತ್ರಕ್ಕೆ ತಗಲುವ ಕಾಲ ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗ.

ಈ ವೇಗಕ್ಕೆ ಬೆಲೆಯೂ ಉಂಟು. ವಿಧಾನ ಬದಲಾದರೆ ಮಂಡಲವನ್ನೇ ಹೊಸದಾಗಿ ರೂಪಿಸಬೇಕು. ದಶಮಾಂಶಗಳ ಗಣನೆ ಹೆಚ್ಚು ದ್ವಾರಗಳನ್ನು ನುಂಗುವುದರಿಂದ ಆದಷ್ಟೂ ಪೂರ್ಣಾಂಕಗಳಲ್ಲೇ ಲೆಕ್ಕ ಮುಗಿಸಬೇಕು. ಆದ್ದರಿಂದ ಪಿಕ್ಸೆಲುಗಳ ಏಕತಾನದ ಕೆಲಸ ಎಫ್‌ಪಿಜಿಎಗೆ, ವಿವೇಚನೆಯ ಕೆಲಸ ಪ್ರೊಸೆಸರ್‌ಗೆ. ಪರ್ಸಿವಿಯರೆನ್ಸ್ ಚಿತ್ರ ಹೋಲಿಸಿದ ವಿಧಾನ ‘ಫಾಸ್ಟ್’ಗಿಂತ ಬೇರೆ, ಆದರೆ ಹಂಚಿಕೆ ಇಂಥದೇ.

ತರಗತಿಯಲ್ಲಿ ಇದನ್ನು ಮಾಡಿ ನೋಡಬಹುದು. ಗ್ರಾಫ್ ಹಾಳೆಯಲ್ಲಿ 7×7 ಚೌಕ ಬರೆದು, ಮನೆಗಳಲ್ಲಿ ಪ್ರಕಾಶದ ಅಂಕಿಗಳನ್ನು ತುಂಬಿ. 16 ವಿದ್ಯಾರ್ಥಿಗಳಿಗೆ ಒಂದೊಂದು ಮನೆ ವಹಿಸಿ, ಕೇಂದ್ರದೊಡನೆ ಒಟ್ಟಿಗೇ ಹೋಲಿಸಲು ಹೇಳಿ. ಅನಂತರ ಒಬ್ಬರೇ ಎಲ್ಲವನ್ನೂ ಹೋಲಿಸಲಿ. ಅಂತರ ಆಗ ತಾನಾಗಿಯೇ ತಿಳಿಯುತ್ತದೆ.