ಹಿತ್ತಿಲ ಅಳಿಲಿಗೆ ನೀರಿಡಿ, ಮುಟ್ಟಬೇಡಿ

ಹಿತ್ತಿಲಲ್ಲಿ ಒಂದು ತೆಂಗಿನ ಮರ, ಒಂದು ಪೇರಳೆ ಗಿಡ ಇದ್ದರೆ ಸಾಕು, ಅಳಿಲು ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಉತ್ತರ ಕರ್ನಾಟಕದವರು ಇಣಚಿ ಎನ್ನುತ್ತಾರೆ, ತುಳುವಿನಲ್ಲಿ ಚಣಿಲ್, ಉರ್ದು ಮನೆಮಾತಿನವರಿಗೆ ಅದು ಗಿಲಹರಿ. ಬೆನ್ನಿನ ಮೇಲೆ ಮೂರು ಪಟ್ಟೆ, ಸುಮಾರು 100 ಗ್ರಾಂ ತೂಕ. ಇಷ್ಟು ಸಣ್ಣ ಜೀವಿಯನ್ನು ನೋಡಿದರೆ ಮಕ್ಕಳಿಗೆ ಹಿಡಿದು ಸಾಕುವ ಆಸೆ, ದೊಡ್ಡವರಿಗೆ ಚಿಕ್ಕು ಹಣ್ಣು ಹಾಳಾಯಿತೆಂಬ ಸಿಟ್ಟು. ಇವೆರಡರ ನಡುವೆ ಒಂದು ದಾರಿ ಇದೆ. ನೀರು, ನೆರಳು, ಗೂಡಿಗೊಂದು ಜಾಗ ಕೊಟ್ಟು ದೂರ ನಿಲ್ಲುವುದು. ಅಳಿಲಿನ ಆರೋಗ್ಯಕ್ಕೂ ಮನೆಯವರ ಆರೋಗ್ಯಕ್ಕೂ ಅದೇ ಒಳ್ಳೆಯದು.

ಮೊದಲು ನೀರು. ಮಾರ್ಚ್‌ನಿಂದ ಮಳೆ ಬೀಳುವ ತನಕ ಅಳಿಲಿಗೆ ಬೇಕಾಗಿರುವುದು ತಿಂಡಿಗಿಂತ ಹೆಚ್ಚಾಗಿ ನೀರು. ಅಗಲವಾದ, ಆಳವಿಲ್ಲದ ಮಣ್ಣಿನ ತಟ್ಟೆ ಸಾಕು. ಒಳಗೆ ಒಂದು ಕಲ್ಲಿಡಿ, ಮರಿ ಜಾರಿ ಬಿದ್ದರೂ ಹತ್ತಿಕೊಳ್ಳುತ್ತದೆ. ಬೆಕ್ಕು ಅಡಗಿ ಕೂರುವ ಪೊದೆಯ ಪಕ್ಕ ಇಡಬೇಡಿ. ಮರದ ಬುಡದಿಂದ ಒಂದು ನೆಗೆತದ ದೂರದಲ್ಲಿರಲಿ. ದಿನವೂ ಹಳೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಟ್ಟೆಯ ಒಳಗೋಡೆ ತಿಕ್ಕಿ ತೊಳೆಯಿರಿ. ಬರೀ ನೀರು ಬದಲಾಯಿಸಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ತನ್ನ ಮೊಟ್ಟೆಗಳನ್ನು ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಅಂಟಿಸಿಡುತ್ತದೆ. ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ಸಿಕ್ಕಾಗ ಒಡೆಯುತ್ತವೆ. ಪುಣ್ಯಕ್ಕೆಂದು ನೀರಿಟ್ಟು ಮರೆತುಬಿಟ್ಟ ತಟ್ಟೆ ಪಕ್ಕದ ಮನೆಯ ಮಗುವಿಗೆ ಜ್ವರ ತರಬಾರದಲ್ಲವೇ?

ಬಾಯಾರಿದ ಅಳಿಲು ನೀರು ಕಂಡಲ್ಲಿ ಇಳಿಯುತ್ತದೆ. ಮುಚ್ಚಳ ಸರಿದ ತಾರಸಿಯ ಟ್ಯಾಂಕ್, ತೆರೆದ ಸಂಪು, ಬಚ್ಚಲಿನ ಹಂಡೆ, ಮಸೀದಿಯ ವುಝೂ ಟ್ಯಾಂಕ್ ಎಲ್ಲವೂ ಅದಕ್ಕೆ ಬಾವಿಯೇ. ನುಣುಪಾದ ಪ್ಲಾಸ್ಟಿಕ್ ಗೋಡೆಯನ್ನು ಅದು ಹತ್ತಲಾರದು. ನೀರಿಗೆ ವಾಸನೆ ಬಂದ ಮೇಲೆ ಟ್ಯಾಂಕ್ ನೋಡಿದವರು ಎಷ್ಟೋ ಮಂದಿ. ಹಾಗಾದರೆ ನೀರನ್ನು ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿಯಿಂದ ಉಜ್ಜಿ ತೊಳೆದು, ಕೊಳವೆಗಳಲ್ಲಿ ನಿಂತ ನೀರನ್ನೂ ಬಿಟ್ಟು, ಆಮೇಲೆ ತುಂಬಿಸಬೇಕು. ಮುಚ್ಚಳವನ್ನು ಮೊದಲೇ ಬಿಗಿಗೊಳಿಸಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ತಿಂಡಿಯ ವಿಷಯದಲ್ಲಿ ನಮ್ಮ ಪ್ರೀತಿಯೇ ಹೆಚ್ಚು ತೊಂದರೆ ಕೊಡುತ್ತದೆ. ಬಿಸ್ಕತ್ತು, ಚಿಪ್ಸ್, ಬ್ರೆಡ್, ರಮಝಾನಿನಲ್ಲಿ ಇಫ್ತಾರ್ ಮುಗಿದು ಉಳಿದ ಸಮೋಸ, ಉಪ್ಪು ಹಾಕಿ ಹುರಿದ ಕಡಲೆಬೀಜ ಯಾವುದೂ ಅದರ ಆಹಾರವಲ್ಲ. ಅಳಿಲಿನ ಮುಂಭಾಗದ ಹಲ್ಲು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಕಾಯಿ, ತೊಗಟೆ, ಬೀಜ ಕಡಿದು ಅದನ್ನು ಸವೆಸಿಕೊಳ್ಳಬೇಕು. ಮೆತ್ತಗಿನ ತಿಂಡಿಯಿಂದ ಆ ಕೆಲಸ ಆಗುವುದಿಲ್ಲ. ಕೊಡಲೇಬೇಕೆಂದರೆ ಒಂದು ತುಂಡು ಹಣ್ಣು ಅಥವಾ ನಾಲ್ಕೈದು ಹಸಿ ಕಡಲೆಕಾಯಿ, ಅದೂ ಅಪರೂಪಕ್ಕೆ. ಬೂಷ್ಟು ಹಿಡಿದು ನಾವು ಎಸೆಯಬೇಕೆಂದಿರುವ ಕಡಲೆಬೀಜವನ್ನಂತೂ ಹಾಕಬೇಡಿ. ಆ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುವ ವಿಷ. ರಾತ್ರಿ ಉಳಿದ ತಿಂಡಿ ಇಲಿಗಳನ್ನೂ ಕರೆಯುತ್ತದೆ.

ಇಲಿ ಬಂದರೆ ಮನೆಗೆ ಇಲಿ ಪಾಷಾಣ ಬರುತ್ತದೆ. ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. ಇಲಿಗೆಂದು ಅಟ್ಟದ ಮೇಲೆ, ಗೋಡೆಯ ಸಂದಿಯಲ್ಲಿ ಇಟ್ಟ ವಿಷದ ಬಿಲ್ಲೆಯನ್ನು ಹಗಲಲ್ಲಿ ಅಳಿಲು ತಿನ್ನುತ್ತದೆ. ಬ್ರೋಮಾಡಿಯೋಲೋನ್ ತರಹದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ, ಕೆಲವು ದಿನಗಳ ಕಾಲ ನರಳಿಸಿ ಕೊಲ್ಲುತ್ತದೆ. ಸತ್ತ ಅಳಿಲನ್ನು ತಿಂದ ಬೆಕ್ಕಿಗೂ ಗೂಬೆಗೂ ಅದು ಸೇರುತ್ತದೆ. ಹಳದಿ ರಂಜಕ ಇರುವ ಪೇಸ್ಟ್ ಇನ್ನೂ ಅಪಾಯಕಾರಿ. ಬ್ರೆಡ್ಡಿಗೋ ಟೊಮೆಟೊಗೋ ಸವರಿ ಇಟ್ಟ ಆ ಪೇಸ್ಟನ್ನು ಮಗು ಬಾಯಿಗೆ ಹಾಕಿದರೆ ಮೊದಲ ದಿನ ವಾಂತಿ, ಹೊಟ್ಟೆನೋವು. ಆಮೇಲೆ ಒಂದೆರಡು ದಿನ ಎಲ್ಲವೂ ಸರಿಯಾದಂತೆ ಕಾಣುತ್ತದೆ. ನಂತರ ಕಣ್ಣು ಹಳದಿಯಾಗಿ ಯಕೃತ್ತು ಸೋಲತೊಡಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಸಂಶಯ ಬಂದ ಕೂಡಲೇ, ಮಗು ಆಟವಾಡುತ್ತಿದ್ದರೂ, ವಿಷದ ಪೊಟ್ಟಣ ಸಮೇತ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ವಾಂತಿ ಮಾಡಿಸುವ, ಹಾಲು ಕುಡಿಸುವ ಪ್ರಯತ್ನ ಬೇಡ.

ಇಲಿಗೆ ಬೋನು ಇಡಿ. ಅಳಿಲು ಹಗಲಿನ ಪ್ರಾಣಿ, ಇಲಿ ರಾತ್ರಿಯದು. ಮಗ್ರಿಬ್ ವೇಳೆಗೆ ಬೋನು ತೆರೆದು ಬೆಳಿಗ್ಗೆ ಮುಚ್ಚಿದರೆ ಅಳಿಲು ಅದರಲ್ಲಿ ಸಿಕ್ಕುವುದಿಲ್ಲ. ಅಂಟು ಹಲಗೆ ಬೇಡ. ಅದರಲ್ಲಿ ಸಿಕ್ಕಿದ್ದು ಇಲಿಯಾಗಲಿ ಅಳಿಲಾಗಲಿ ಹಲ್ಲಿಯಾಗಲಿ, ಚರ್ಮ ಕಿತ್ತುಕೊಂಡು ಒದ್ದಾಡುತ್ತಾ ಸಾಯುತ್ತದೆ.

ಇನ್ನು ಅಳಿಲು ಕಚ್ಚಿದ ಹಣ್ಣು. ನಮ್ಮ ಅಜ್ಜಿಯರು ಅಳಿಲು ಕಚ್ಚಿದ ಪೇರಳೆಯೇ ಸಿಹಿ ಎನ್ನುತ್ತಿದ್ದರು, ಕಚ್ಚಿದ ಭಾಗ ಕೊಯ್ದು ಉಳಿದದ್ದನ್ನು ತಿನ್ನುತ್ತಿದ್ದರು. ಸಿಹಿಯ ವಿಷಯ ನಿಜವೇ ಇರಬಹುದು. ಆದರೆ ಅರ್ಧ ತಿಂದ ಹಣ್ಣನ್ನು ನೋಡಿ ಕಚ್ಚಿದ್ದು ಅಳಿಲೋ ಬಾವಲಿಯೋ ಎಂದು ಹೇಳಲು ನಿಮಗೂ ನನಗೂ ಆಗುವುದಿಲ್ಲ. 2018ರಲ್ಲಿ ನೆರೆಯ ಕೇರಳದ ಕೋಝಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಜ್ವರ ಕಾಣಿಸಿಕೊಂಡ ಮೇಲೆ ಹಣ್ಣು ತಿನ್ನುವ ಬಾವಲಿಯ ಎಂಜಲಿನ ಬಗ್ಗೆ ಎಲ್ಲರಿಗೂ ತಿಳಿದಿದೆ. ಕಚ್ಚಿದ ಹಣ್ಣನ್ನು ಬಿಟ್ಟುಬಿಡಿ. ಕಚ್ಚದೆ ಬಿದ್ದ ಹಣ್ಣನ್ನೂ ತೊಳೆದು ಸಿಪ್ಪೆ ತೆಗೆದೇ ತಿನ್ನಿ.

ಅಳಿಲನ್ನು ಹಿಡಿದರೆ ಅದು ಕಚ್ಚಿಯೇ ಕಚ್ಚುತ್ತದೆ. ಅಳಿಲಿನಿಂದ ಮನುಷ್ಯರಿಗೆ ರೇಬೀಸ್ ಬರುವುದು ತೀರಾ ವಿರಳ. ಆದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ; ಟಿಟಿ ಬೇಕೋ, ಬೇರೆ ಚುಚ್ಚುಮದ್ದು ಬೇಕೋ ಅವರು ಹೇಳುತ್ತಾರೆ. ಅರಿಶಿನ, ಸುಣ್ಣ, ಕಾಫಿ ಪುಡಿ ಮೆತ್ತಬೇಡಿ. ಮಲೆನಾಡಿನ ಓದುಗರಿಗೆ ಇನ್ನೊಂದು ಮಾತು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣುಗು ಮಂಗನ ಮೈಮೇಲೆ ಮಾತ್ರ ಇರುವುದಲ್ಲ, ಇಲಿ ಅಳಿಲಿನಂಥ ಸಣ್ಣ ಪ್ರಾಣಿಗಳ ಮೈಮೇಲೂ ಕೂರುತ್ತದೆ. ತೋಟದಲ್ಲಿ ಸತ್ತುಬಿದ್ದ ಪ್ರಾಣಿಯನ್ನು ಬರಿಗೈಯಲ್ಲಿ ಎತ್ತಬೇಡಿ. ಸತ್ತದ್ದು ಅಳಿಲಾದರೆ ಹಾರೆಯಿಂದ ಎತ್ತಿ ಬಾವಿಯಿಂದ ದೂರ ಆಳವಾಗಿ ಹೂತು, ಸೋಪಿನಿಂದ ಕೈ ತೊಳೆಯಿರಿ. ಮಂಗ ಸತ್ತಿದ್ದರೆ ಹತ್ತಿರವೂ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಮರ ಕಡಿದಾಗ, ತೆಂಗಿನ ಮಂಡೆ ಬಿಡಿಸಿದಾಗ ಗೂಡು ಕೆಳಗೆ ಬೀಳುವುದುಂಟು. ನಾರು, ಹುಲ್ಲು, ಹಾಸಿಗೆಯಿಂದ ಕದ್ದ ಹತ್ತಿಯ ಉಂಡೆಯೊಳಗೆ ಎರಡೋ ಮೂರೋ ಮರಿಗಳು, ಕಣ್ಣು ಮುಚ್ಚಿ, ಕೂದಲಿಲ್ಲದೆ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಬಟ್ಟೆ ಸುತ್ತಿದ ಕೈಯಿಂದ ಮರಿಗಳನ್ನು ಗೂಡಿನ ಸಮೇತ ಒಂದು ಚಿಕ್ಕ ಬುಟ್ಟಿಯಲ್ಲಿಟ್ಟು, ಬಿದ್ದ ಮರದ ಪಕ್ಕದ ಕೊಂಬೆಗೆ ಇರುವೆ ಬಾರದಂತೆ ಕಟ್ಟಿ, ಎಲ್ಲರೂ ದೂರ ಸರಿಯಿರಿ. ಬೆಕ್ಕನ್ನು ಒಳಗೆ ಕೂಡಿ. ತಾಯಿ ಹತ್ತಿರದಲ್ಲೇ ಚಿಕ್ ಚಿಕ್ ಎನ್ನುತ್ತಾ ಇರುತ್ತದೆ, ಗಲಾಟೆ ನಿಂತ ಮೇಲೆ ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಸಂಜೆಯ ತನಕವೂ ಬಾರದಿದ್ದರೆ ಮಾತ್ರ ಮರಿಯನ್ನು ಒಳಗೆ ತನ್ನಿ. ಮೊದಲು ಬೇಕಾಗಿರುವುದು ಹಾಲಲ್ಲ, ಬಿಸಿ: ಬೆಚ್ಚಗಿನ ನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ತಣ್ಣಗಿರುವ ಮರಿಗೆ ಏನು ಕುಡಿಸಿದರೂ ದಕ್ಕುವುದಿಲ್ಲ. ಹಸುವಿನ ಹಾಲಿನಿಂದ ಭೇದಿಯಾಗುತ್ತದೆ, ಸಿರಿಂಜಿನಿಂದ ಒತ್ತಿ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇಗನೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಿ. ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಮರಿ ಮುದ್ದಾಗಿದೆಯೆಂದು ಪಂಜರದಲ್ಲಿ ಸಾಕತೊಡಗಿದರೆ ಅದು ಮತ್ತೆ ಮರ ಹತ್ತಿ ಬದುಕುವುದನ್ನು ಕಲಿಯುವುದಿಲ್ಲ.

ಗೂಡಿಗೆ ಪೆಟ್ಟಿಗೆ ಮಾಡಿಕೊಡಬೇಕೇ ಎಂದು ಕೇಳುವವರಿದ್ದಾರೆ. ಬಣ್ಣ ಬಳಿಯದ ಹಲಗೆಯ ಪೆಟ್ಟಿಗೆ, ಮುಷ್ಟಿಗಿಂತ ಚಿಕ್ಕ ಬಾಗಿಲು, ಮಳೆಗಾಳಿ ಬಡಿಯದ ದಿಕ್ಕಿಗೆ ಮುಖ ಮಾಡಿ ಹತ್ತು ಅಡಿ ಎತ್ತರದಲ್ಲಿ ಕಟ್ಟಬಹುದು. ಆದರೆ ತೆಂಗಿನ ಒಣ ಮಡಲುಗಳಲ್ಲಿ ಒಂದೆರಡನ್ನು ಹಾಗೆಯೇ ಬಿಟ್ಟರೆ ಪೆಟ್ಟಿಗೆಗಿಂತ ಒಳ್ಳೆಯದು, ಖರ್ಚೂ ಇಲ್ಲ. ಹಿತ್ತಿಲಲ್ಲಿ ನೈಲಾನ್ ದಾರದ ಚೂರುಗಳನ್ನು ಬಿಡಬೇಡಿ. ಗೂಡಿಗೆ ಒಯ್ದ ದಾರ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಗೂಡು ನಿಮ್ಮ ಮನೆಯ ಹೆಂಚಿನ ಕೆಳಗೇ ಇದ್ದರೆ ಸ್ವಲ್ಪ ಕಾಯಬೇಕಾಗುತ್ತದೆ. ಮರಿಗಳು ಹಾಲು ಬಿಡಲು ಸುಮಾರು ಹತ್ತು ವಾರ. ಅಷ್ಟರ ತನಕ ವಯರುಗಳಿಗೆ ಗಟ್ಟಿ ಪೈಪು ಹಾಕಿಸಿ, ಇಲ್ಲದಿದ್ದರೆ ಅದನ್ನೂ ಕಡಿಯುತ್ತದೆ. ಮರಿಗಳು ಹೊರಬಿದ್ದ ಮೇಲೆ, ಒಳಗೆ ಯಾವುದೂ ಉಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿ, ಮಧ್ಯಾಹ್ನ ಎಲ್ಲವೂ ಹೊರಗೆ ತಿರುಗುವ ಹೊತ್ತಿನಲ್ಲಿ ಸಂದಿ ಮುಚ್ಚಿ. ಮುಚ್ಚಲು ಅರ್ಧ ಇಂಚಿನ ಕಬ್ಬಿಣದ ಜಾಲರಿಯೇ ಆಗಬೇಕು. ಪ್ಲಾಸ್ಟಿಕ್ ಬಲೆಯನ್ನು ಅದು ಕಡಿದುಹಾಕುತ್ತದೆ.