ಹೆರಿಗೆ ನೋವು ಕದನವಿರಾಮಕ್ಕೆ ಕಾಯುವುದಿಲ್ಲ

ತಪ್ಪು ಕಲ್ಪನೆ: ಸಂಘರ್ಷದ ನಾಡಿನಲ್ಲಿ ಮೊದಲು ಅನ್ನ, ನೀರು, ಸೂರು; ಬಸಿರು–ಬಾಣಂತನದ ಆರೈಕೆ ಆಮೇಲೆ.

ಸತ್ಯ: ಕೇಳಲು ನ್ಯಾಯವೆನಿಸಿದರೂ ಈ ಮಾತು ಜೀವ ಕಳೆಯುತ್ತದೆ. ಊರು ಬಿಟ್ಟು ಓಡುವ ಗುಂಪಿನಲ್ಲಿ ಬಸುರಿಯರು ಇದ್ದೇ ಇರುತ್ತಾರೆ. ಅವರಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ತೊಡಕು ಎದುರಾಗುತ್ತದೆ ಎಂದು ಪರಿಹಾರ ಸಂಸ್ಥೆಗಳು ಲೆಕ್ಕ ಹಾಕುತ್ತವೆ. ಹೆರಿಗೆಯ ನಂತರದ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ಅತ್ಯಾಚಾರಕ್ಕೆ ಒಳಗಾದವಳಿಗೆ ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ, ಗರ್ಭ ತಡೆಯುವ ತುರ್ತು ಮಾತ್ರೆ 120 ಗಂಟೆಯೊಳಗೆ ಸಿಗಬೇಕು. ಗಡುವು ಮೀರಿದ ಮೇಲೆ ಎಷ್ಟು ಒಳ್ಳೆಯ ಆಸ್ಪತ್ರೆ ಕಟ್ಟಿದರೂ ಆ ಹೆಣ್ಣಿಗೆ ಅದರಿಂದ ಉಪಯೋಗವಿಲ್ಲ. ಆದ್ದರಿಂದಲೇ ಸಂಘರ್ಷ ಶುರುವಾದಾಗ, ಸಾಧ್ಯವಿದ್ದಲ್ಲೆಲ್ಲ 48 ಗಂಟೆಯೊಳಗೆ, ಕನಿಷ್ಠ ಸಂತಾನಾರೋಗ್ಯ ಸೇವೆಗಳು ಆರಂಭವಾಗಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಇದು ಅನ್ನದ ಪಾಲನ್ನು ಕಿತ್ತುಕೊಳ್ಳುವ ಕೆಲಸವಲ್ಲ. ಅಕ್ಕಿ ಮೂಟೆ ಹೊತ್ತ ಲಾರಿಯಲ್ಲೇ ಹೆರಿಗೆಯ ಸಾಮಾನೂ ಹೋಗಬಹುದು.

ತಪ್ಪು ಕಲ್ಪನೆ: ಡಾಕ್ಟರು, ಆಸ್ಪತ್ರೆ ಇಲ್ಲದ ಕಡೆ ಏನೂ ಮಾಡಲಾಗದು.

ಸತ್ಯ: ಪೂರ್ವ ಮ್ಯಾನ್ಮಾರ್ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿನ ಕರೆನ್, ಕರೆನ್ನಿ, ಮೊನ್, ಶಾನ್ ಪ್ರದೇಶಗಳಲ್ಲಿ ಸೈನ್ಯದ ದಾಳಿಗೆ ಹೆದರಿ ಜನ ಕಾಡಿನೊಳಗೆ ಅಲೆಯುತ್ತಿದ್ದರು. 2005ರ ಹೊತ್ತಿಗೆ ಅದೇ ಸಮುದಾಯಗಳ ಕಾರ್ಯಕರ್ತರಿಗೆ, ಥಾಯ್ಲೆಂಡ್ ಗಡಿಯಲ್ಲಿ ಡಾ. ಸಿಂಥಿಯಾ ಮೌಂಗ್ ಸ್ಥಾಪಿಸಿದ ಮೇ ತಾವ್ ಚಿಕಿತ್ಸಾಲಯದಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಡಲಾಯಿತು. ಅವರು ಹಿಂತಿರುಗಿ ಊರಿನ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಕಲಿಸಿದರು. ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ, ಬಸಿರಿನಲ್ಲಿ ರಕ್ತದೊತ್ತಡ ಏರಿ ಬರುವ ಫಿಟ್ಸ್‌ಗೆ ಮೆಗ್ನೀಷಿಯಂ ಸಲ್ಫೇಟ್, ಸೋಂಕಿಗೆ ಆಂಟಿಬಯಾಟಿಕ್, ಅಗತ್ಯ ಬಿದ್ದರೆ ಊರವರಿಂದಲೇ ರಕ್ತ, ಇವೆಲ್ಲ ಕಾಡಿನ ನಡುವೆಯೇ ದೊರೆತವು. 2010ರಲ್ಲಿ ಪ್ರಕಟವಾದ ಅಧ್ಯಯನದಂತೆ, ತುರ್ತು ಹೆರಿಗೆ ಆರೈಕೆ ಕಲಿತವರ ನೆರವಿನಲ್ಲಿ ನಡೆದ ಹೆರಿಗೆಗಳ ಪ್ರಮಾಣ ಶೇ. 5.1ರಿಂದ ಶೇ. 48.7ಕ್ಕೆ ಏರಿತು. ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ: ಈ ಅಂಕಿ ಸೇವೆ ತಲುಪಿದ್ದನ್ನು ಹೇಳುತ್ತದೆಯೇ ಹೊರತು ಸಾವು ಎಷ್ಟು ತಗ್ಗಿತೆಂದು ಅಳೆಯುವುದಿಲ್ಲ, ಅಲ್ಲಿ ಸಿಸೇರಿಯನ್ ಕೂಡ ಸಾಧ್ಯವಿರಲಿಲ್ಲ. ನಿಜ, ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯೇ ಬೇಕು. ಆದರೆ ರಕ್ತಸ್ರಾವ, ಫಿಟ್ಸ್, ಸೋಂಕು ಬಾಣಂತಿಯರ ಸಾವಿನ ಮುಖ್ಯ ಕಾರಣಗಳು. ಅವಕ್ಕೆ ಮದ್ದಿದೆ, ಆ ಮದ್ದು ಚೀಲದಲ್ಲಿ ಹಿಡಿಸುತ್ತದೆ. ಆಸ್ಪತ್ರೆಯಿಲ್ಲವೆಂಬುದು ಆ ಚೀಲವನ್ನೂ ಕಳಿಸದಿರಲು ನೆಪವಾಗಬಾರದು.

ತಪ್ಪು ಕಲ್ಪನೆ: ಇಂಥ ಸಮುದಾಯದ ಹೆಂಗಸರಿಗೆ ಗರ್ಭನಿರೋಧಕ ಬೇಡ, ಹೊರಗಿನವರು ಹೇರುತ್ತಾರೆ.

ಸತ್ಯ: ಅದೇ ಅಧ್ಯಯನದ ಆರಂಭದಲ್ಲಿ, ಸದ್ಯಕ್ಕೆ ಮಗು ಬೇಡವೆಂದಿದ್ದೂ ಸಾಧನ ಬಳಸದಿದ್ದ ಸ್ತ್ರೀಯರು ಶೇ. 61.7ರಷ್ಟಿದ್ದರು. ಪರಿಚಿತ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದ ಮೇಲೆ ಅದು ಶೇ. 40.5ಕ್ಕೆ ಇಳಿಯಿತು, ಆಧುನಿಕ ಸಾಧನಗಳ ಬಳಕೆ ಶೇ. 23.9ರಿಂದ ಶೇ. 45ಕ್ಕೆ ಏರಿತು. ಬೇಡವಾಗಿದ್ದರೆ ಈ ಏರಿಕೆ ಆಗುತ್ತಿರಲಿಲ್ಲ. ಕೊರತೆಯಿದ್ದದ್ದು ಇಚ್ಛೆಯಲ್ಲಿ ಅಲ್ಲ, ಪೂರೈಕೆಯಲ್ಲಿ. ತಮ್ಮ ಸಂಖ್ಯೆ ಕುಗ್ಗಿಸುವ ಹುನ್ನಾರವಿದು ಎಂಬ ಭಯ ದಾಳಿಗೆ ಸಿಕ್ಕ ಅಲ್ಪಸಂಖ್ಯಾತರಲ್ಲಿ ಮೂಡುವುದು ಸಹಜ. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಶಕ್ತಿಹರಣ ಚಿಕಿತ್ಸೆಗಳನ್ನು ಕಂಡ ನಮ್ಮ ದೇಶ ಆ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಲವಂತಕ್ಕೆ ಮದ್ದು ಸೇವೆಯ ನಿರಾಕರಣೆಯಲ್ಲ, ಅವಳ ಒಪ್ಪಿಗೆ. ಬೇಕೆಂದವಳಿಗೆ ಕೊಡದಿರುವುದೂ ಅವಳ ಮೈಮೇಲಿನ ದಬ್ಬಾಳಿಕೆಯೇ.

ಮುಂದೆ ಎಲ್ಲಾದರೂ ಸಂಘರ್ಷ ಸಂತ್ರಸ್ತರಿಗಾಗಿ ನೀವು ಹಣ ಕೊಡುವಾಗ ಒಂದು ಪ್ರಶ್ನೆ ಕೇಳಿ: ಅಕ್ಕಿ, ಟಾರ್ಪಾಲಿನ ಪಟ್ಟಿಯಲ್ಲಿ ಹೆರಿಗೆಯ ಚೀಲವೂ ಇದೆಯೇ?