ಟ್ರೇಗೆ ಹಾಕಿದ್ದೆಲ್ಲ ಹಸುವಿನ ಹೊಟ್ಟೆಗೆ



ಕಳೆದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಹಾಲು ಹಾಕುವ ಹೊತ್ತಿಗೆ ಸಂಘದಿಂದ ಫೋನ್ ಬಂತು. ಹಸು ನಡುಗುತ್ತಿದೆ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬಿದೆ ಎಂದರು. ಹೋಗಿ ನೋಡಿದರೆ ಕೊಟ್ಟಿಗೆಯ ಪಕ್ಕದಲ್ಲಿ ಜೋಳದ ಮೊಳಕೆ ಮೇವಿನ ಟ್ರೇಗಳಿದ್ದವು. ತೇವ ನಿಲ್ಲಲಿ ಎಂದು ತಳಕ್ಕೆ ತೆಂಗಿನ ನಾರಿನ ಪುಡಿ ಹಾಸಿದ್ದರು. ಗರಿ ಹಸಿರಾಗಲಿ ಎಂದು ನೀರಿಗೆ ಯೂರಿಯಾ ಕರಗಿಸಿ ಹಾಕಿದ್ದರು. ಪುಡಿ ಆ ನೀರನ್ನು ಹೀರಿಟ್ಟುಕೊಂಡಿತ್ತು. ಹಸು ಗರಿ, ಬೇರು, ಪುಡಿ ಎಲ್ಲವನ್ನೂ ತಿಂದಿತ್ತು. ವಿನೆಗರ್ ಬೆರೆಸಿದ ತಣ್ಣೀರನ್ನು ನಳಿಕೆಯಿಂದ ಹೊಟ್ಟೆಗೆ ಬಿಟ್ಟ ಮೇಲೆ ಜೀವ ಉಳಿಯಿತು, ಆದರೆ ಹಾಲು ಇಳಿದುಹೋಯಿತು.

ಆ ತಾಯಿ ಮಾಡಿದ್ದು ಹಸುವಿನ ಒಳ್ಳೆಯದಕ್ಕೇ. ಬೆಳೆಗೆ ಗೊಬ್ಬರ ಕೊಡುವುದು ನಮಗೆಲ್ಲ ರೂಢಿ. ಆದರೆ ಹೊಲದ ಮೇವನ್ನು ಬುಡ, ಬೇರು ಬಿಟ್ಟು ಕೊಯ್ಯುತ್ತೇವೆ. ಟ್ರೇ ಮೇವನ್ನು ಚಾಪೆಯಂತೆ ಬೇರು ಸಮೇತ ಹಾಕುತ್ತೇವೆ. ಟ್ರೇಗೆ ನಾವು ಹಾಕಿದ್ದೆಲ್ಲ ಹಸುವಿನ ಹೊಟ್ಟೆಗೇ ಹೋಗುತ್ತದೆ.

ಎಂಟು ದಿನದ ಮೇವಿಗೆ ಗೊಬ್ಬರ ಬೇಡ

ಮೊಳಕೆಗೆ ಬೇಕಾದ ಆಹಾರವನ್ನು ಕಾಳು ತನ್ನೊಳಗೇ ಇಟ್ಟುಕೊಂಡಿರುತ್ತದೆ. 7-8 ದಿನಕ್ಕೆ ಅದೇ ಸಾಕು. ಶುದ್ಧ ನೀರು, ನೆರಳು, ಗಾಳಿ ಇದ್ದರೆ 1 ಕೆ.ಜಿ. ಮುಸುಕಿನ ಜೋಳದಿಂದ ಸುಮಾರು 5-6 ಕೆ.ಜಿ. ಮೇವು ಸಿಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನೀರೇ. ಹಾಗಾಗಿ ಒಣಹುಲ್ಲು, ಹಿಂಡಿ ನಿಲ್ಲಿಸಬೇಡಿ. ಟ್ರೇಗೆ ನಾರಿನ ಪುಡಿಯೂ ಬೇಡ. ಕಾಳಿನ ಬೇರುಗಳೇ ಹೆಣೆದುಕೊಂಡು ಚಾಪೆಯಾಗುತ್ತವೆ.

ಗೊಬ್ಬರ ಹೇಗೆ ವಿಷವಾಗುತ್ತದೆ?

ಯೂರಿಯಾ ಹಸುವಿನ ಮೊದಲ ಹೊಟ್ಟೆಯಲ್ಲಿ ಅಮೋನಿಯಾ ಆಗುತ್ತದೆ. ಅದು ಒಮ್ಮೆಲೇ ಹೆಚ್ಚಾದರೆ ತಿಂದ ಒಂದು ಗಂಟೆಯೊಳಗೇ ನಡುಕ, ನೊರೆ, ಹೊಟ್ಟೆಯುಬ್ಬರ ಕಾಣಿಸುತ್ತದೆ. ನೈಟ್ರೇಟ್ ಇರುವ ಗೊಬ್ಬರದ ಅಪಾಯ ಬೇರೆ ರೀತಿಯದು. ಅದು ಹೊಟ್ಟೆಯಲ್ಲಿ ನೈಟ್ರೈಟ್ ಆಗಿ ರಕ್ತ ಸೇರುತ್ತದೆ. ಆಗ ರಕ್ತವು ಪ್ರಾಣವಾಯುವನ್ನು ಹೊರಲಾರದು. ಹಸು ಏದುಸಿರು ಬಿಡುತ್ತದೆ, ತೂರಾಡುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಗಬ್ಬದ ಹಸು ಕಂದು ಹಾಕಬಹುದು.

ನಾರಿನ ಪುಡಿ ಎಲ್ಲಿ ಉಪಯೋಗ?

ಚೊಗಚೆ, ನುಗ್ಗೆಯಂಥ ಮೇವಿನ ಮರಗಳ ಸಸಿ ಮಾಡಲು ಅದು ಒಳ್ಳೆಯದು. ಅಲ್ಲಿ ಗೊಬ್ಬರವೂ ಬೇಕು, ಏಕೆಂದರೆ ಬೀಜದ ಆಹಾರ ಮುಗಿದ ಮೇಲೆ ಪುಡಿಯಲ್ಲಿ ಸಸಿಗೆ ಸಾಕಾಗುವ ಸಾರಜನಕ ಇರುವುದಿಲ್ಲ.

• ಹೊಸ ಪುಡಿಯಲ್ಲಿ ಉಪ್ಪಿನಂಶ, ಪೊಟ್ಯಾಶ್ ಹೆಚ್ಚು. ಕಂದು ನೀರು ತಿಳಿಯಾಗುವವರೆಗೆ ಮೂರು-ನಾಲ್ಕು ಬಾರಿ ತೊಳೆಯಿರಿ.
• ಪುಡಿ ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ಸಸಿಗೆ ಕೊರತೆ ಮಾಡುತ್ತದೆ. 10 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಅದರಲ್ಲಿ ಒಂದು ದಿನ ನೆನೆಸಿ, ಮತ್ತೆ ತೊಳೆಯಿರಿ.
• ಎರಡು ಜೊತೆ ನಿಜ ಎಲೆ ಬಂದ ಮೇಲೆ ವಾರಕ್ಕೊಮ್ಮೆ ಲೀಟರ್‌ಗೆ 1 ಗ್ರಾಂ 19:19:19 ಕೊಡಿ. ಇದನ್ನು ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಪಾತ್ರೆಯಲ್ಲಿ ಬೆರೆಸಬೇಡಿ, ಗಸಿ ಕಟ್ಟುತ್ತದೆ.
• ಎಲೆಯ ಅಂಚು ಸುಟ್ಟಂತೆ ಕಂಡರೆ ಉಪ್ಪು ಹೆಚ್ಚಾಗಿರಬಹುದು. ಗೊಬ್ಬರ ನಿಲ್ಲಿಸಿ, ಬರೀ ನೀರು ಹಾಯಿಸಿ.

ಇಷ್ಟು ನೆನಪಿರಲಿ

ಗೊಬ್ಬರ ಕರಗಿಸಿದ ಬಕೆಟ್, ಪುಡಿ ತೊಳೆದ ನೀರು ರಾಸುಗಳ ಬಾಯಿಗೆ ಸಿಗದಿರಲಿ. ಔಷಧಿ ಲೇಪಿಸಿದ ಬಣ್ಣದ ಬಿತ್ತನೆ ಬೀಜವನ್ನು ಮೊಳಕೆ ಮೇವಿಗೆ ಬಳಸಲೇಬೇಡಿ. ಬೂಷ್ಟು ಹಿಡಿದ ಟ್ರೇಯನ್ನು ತಿಪ್ಪೆಗೆ ಹಾಕಿ.

ಮೇಲೆ ಹೇಳಿದ ಲಕ್ಷಣ ಕಂಡರೆ ಗೊಟ್ಟ ಎತ್ತಿ ಏನನ್ನೂ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋದೀತು. ಕೂಡಲೇ ಸಂಘಕ್ಕೆ ಅಥವಾ ಪಶುವೈದ್ಯರಿಗೆ ತಿಳಿಸಿ. ಮೇವಿಗೆ ಏನು ಹಾಕಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ನಾವು ಬೈಯುವುದಿಲ್ಲ. ಆ ಒಂದು ಮಾತಿನಿಂದ ಸರಿಯಾದ ಔಷಧಿ ಬೇಗ ಸಿಗುತ್ತದೆ, ಹಸು ಉಳಿಯುತ್ತದೆ.

– ಪಶುವೈದ್ಯಾಧಿಕಾರಿ